ತರಬೇತಿ ಪಡೆದು ಬಂದರೂ ಹೆರಿಗೆ ಕೊಠಡಿ ಬದಲಾಗುತ್ತಿಲ್ಲ: ಗ್ರಾಮೀಣ ಆಸ್ಪತ್ರೆಯಲ್ಲಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಆಡಳಿತ ವೈದ್ಯಾಧಿಕಾರಿ)

ಎಲ್ಲರಿಗೂ ನಮಸ್ಕಾರ. ಮೂವತ್ತು ಹಾಸಿಗೆಗಳ ಒಂದು ಗ್ರಾಮೀಣ ಆಸ್ಪತ್ರೆಯ ಹೊಣೆ ನನ್ನ ಮೇಲಿದೆ. ತಿಂಗಳಿಗೆ ಇಪ್ಪತ್ತೈದರಿಂದ ಮೂವತ್ತು ಹೆರಿಗೆಗಳಾಗುತ್ತವೆ. ಹೆರಿಗೆ ಕೊಠಡಿಯನ್ನು ಎಂಟು ಮಂದಿ ಶುಶ್ರೂಷಕಿಯರು ಪಾಳಿಯ ಪ್ರಕಾರ ನೋಡಿಕೊಳ್ಳುತ್ತಾರೆ. ಅವರಲ್ಲಿ ಮಿಡ್‌ವೈಫರಿಯನ್ನು (ಹೆರಿಗೆ ಮಾಡಿಸುವ ವಿದ್ಯೆಯನ್ನು) ವಿಶೇಷವಾಗಿ ಕಲಿತವರು ಇಬ್ಬರೇ. ಪ್ರಸೂತಿ ತಜ್ಞರು ಇಲ್ಲ. ಸಿಸೇರಿಯನ್ ಮಾಡುವ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಒಂದೂವರೆ ಗಂಟೆಯ ದಾರಿ.

ಕಳೆದ ಎರಡು ವರ್ಷಗಳಲ್ಲಿ ಆರು ಮಂದಿಯನ್ನು ಸರದಿಯಂತೆ ದೊಡ್ಡ ಆಸ್ಪತ್ರೆಯೊಂದಕ್ಕೆ ತರಬೇತಿಗೆ ಕಳುಹಿಸಿದೆ. ಎಲ್ಲರೂ ಒಳ್ಳೆಯ ಅಂಕ ಪಡೆದು ಪ್ರಮಾಣಪತ್ರ ತಂದರು. ಬಂದ ಹೊಸತರಲ್ಲಿ ಹುರುಪಿನಿಂದಲೇ ಕೆಲಸ ಮಾಡಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಹಳೆಯ ಜಾಡಿಗೆ ಬಿತ್ತು. ಬೇನೆಯ ಹೊತ್ತಿನಲ್ಲಿ ತುಂಬಬೇಕಾದ ಪಾರ್ಟೋಗ್ರಾಫನ್ನು (ಬೇನೆಯ ಪ್ರಗತಿಯನ್ನು ಗುರುತಿಸುವ ನಕ್ಷೆಯನ್ನು) ಹೆರಿಗೆಯಾದ ಮೇಲೆ ನೆನಪಿನಿಂದ ತುಂಬುತ್ತಾರೆ; ತಾಯಿಯನ್ನು ಬೇನೆಯ ಉದ್ದಕ್ಕೂ ಅಂಗಾತ ಮಲಗಿಸಿಯೇ ಇಡುತ್ತಾರೆ; ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವೂ ಕಾಯದೆ ಕತ್ತರಿಸುತ್ತಾರೆ.

ಎರಡು ತಿಂಗಳ ಹಿಂದೆ ನಡೆದದ್ದನ್ನು ಹೇಳಿದರೆ ನನ್ನ ಕಳವಳ ನಿಮಗೆ ಅರ್ಥವಾದೀತು. ರಾತ್ರಿ ಎರಡರ ಸುಮಾರಿಗೆ ಒಂದು ಹೆರಿಗೆಯಾಯಿತು. ಮಗು ಚೆನ್ನಾಗಿ ಅತ್ತಿತು, ಮಾಸು ಪೂರ್ತಿಯಾಗಿ ಬಿತ್ತು, ಆದರೆ ಗರ್ಭಕೋಶ ಗಟ್ಟಿಯಾಗಲಿಲ್ಲ. ಪಾಳಿಯಲ್ಲಿದ್ದ ಶುಶ್ರೂಷಕಿ ತಾಯಿಯ ಕೆಳಗಿನ ಬಟ್ಟೆಯನ್ನು ಎರಡು ಬಾರಿ ಬದಲಾಯಿಸಿದರು. ಎರಡನೆಯ ಬಟ್ಟೆಯನ್ನು ಬಕೆಟ್ಟಿಗೆ ಹಾಕಲು ಎತ್ತಿದಾಗ ಅದರ ಭಾರ ಕೈಗೆ ತಿಳಿದು ಎದೆ ಧಸಕ್ಕೆಂದಿತು ಎಂದು ಬೆಳಿಗ್ಗೆ ನನ್ನೆದುರು ಹೇಳಿಕೊಂಡರು. ಗರ್ಭಕೋಶ ಗಟ್ಟಿಯಾಗಲೆಂದು ಹೆರಿಗೆಯಾದ ಕೂಡಲೇ ಕೊಡಬೇಕಾದ ಆಕ್ಸಿಟೋಸಿನ್ ಒಂದು ಆಂಪ್ಯೂಲ್ ಟ್ರೇಯಲ್ಲಿತ್ತು, ಅದನ್ನು ಕೊಟ್ಟಾಗಿತ್ತು. ಮಿಕ್ಕಿದ್ದೆಲ್ಲ ಔಷಧಾಲಯದ ಫ್ರಿಜ್ಜಿನಲ್ಲಿ, ಬೀಗದ ಹಿಂದೆ. ಕೀಲಿಕೈ ಫಾರ್ಮಸಿಸ್ಟರ ಮನೆಯಲ್ಲಿ. ಬೀಗ ಒಡೆದು ಔಷಧಿ ತರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ತಾಯಿ ಬದುಕಿದರು, ಆದರೆ ದೊಡ್ಡ ಆಸ್ಪತ್ರೆಯಲ್ಲಿ ಅವರಿಗೆ ನಾಲ್ಕು ಯೂನಿಟ್ ರಕ್ತ ಕೊಡಬೇಕಾಯಿತು.

ಆ ಶುಶ್ರೂಷಕಿ ಐದು ತಿಂಗಳ ಹಿಂದಷ್ಟೇ ಅಧಿಕ ರಕ್ತಸ್ರಾವದ ನಿರ್ವಹಣೆಯಲ್ಲಿ ತರಬೇತಿ ಪಡೆದು ಬಂದವರು. ನನ್ನ ಕೈಯಲ್ಲಿರುವ ಹಣವೂ ಜನರೂ ಕಡಿಮೆ. ಇನ್ನಷ್ಟು ಮಂದಿಯನ್ನು ತರಬೇತಿಗೆ ಕಳುಹಿಸಲೇ, ಉಪಕರಣ ತರಿಸಲೇ, ಅಥವಾ ತಜ್ಞರನ್ನು ಕೊಡಿ ಎಂದು ಮೇಲಿನವರಿಗೆ ಬರೆಯುತ್ತಲೇ ಇರಲೇ? ಇಂಥ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಮಿಡ್‌ವೈಫರಿ ಬೋಧಕಿ)

ಸರ್, ನಿಮ್ಮ ಶುಶ್ರೂಷಕಿ ಕಲಿತದ್ದನ್ನು ಮರೆತಿರಲಿಲ್ಲ ಎಂಬುದನ್ನು ಮೊದಲು ಗಮನಿಸಿ. ಅವರಿಗೆ ಯಾವ ಔಷಧಿ ಬೇಕೆಂಬುದು ಗೊತ್ತಿತ್ತು. ರಕ್ತ ಎಷ್ಟು ಹೋಗಿದೆ ಎಂಬುದನ್ನು ಅಳೆಯುವ ಸಾಧನ ಅವರ ಬಳಿ ಇರಲಿಲ್ಲ, ಗೊತ್ತಾದ ಮೇಲೆ ಔಷಧಿ ಕೈಗೆ ಸಿಗಲಿಲ್ಲ. ಈ ಎರಡು ಕೊರತೆಗಳನ್ನು ದೂರದ ಯಾವ ತರಗತಿಯೂ ತುಂಬಿಕೊಡಲಾರದು. ಹದಿನೆಂಟು ವರ್ಷಗಳಿಂದ ಕಲಿಸುತ್ತಿರುವ ನಾನು ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ತೆಗೆದುಕೊಂಡೆ.

ತಾಂಜಾನಿಯಾದ ಹೈಡೊಮ್ ಎಂಬಲ್ಲಿನ ಗ್ರಾಮೀಣ ಆಸ್ಪತ್ರೆಯ ಅನುಭವವನ್ನು ನೀವು ತಿಳಿಯಲೇಬೇಕು. ಹುಟ್ಟಿದ ಕೂಡಲೇ ಉಸಿರಾಡದ ಮಗುವನ್ನು ನೋಡಿಕೊಳ್ಳುವ ಬಗೆಯನ್ನು ಅಲ್ಲಿನ ಸಿಬ್ಬಂದಿಗೆ ಒಂದು ದಿನದ ತರಬೇತಿಯಲ್ಲಿ ಕಲಿಸಲಾಯಿತು. ತಿಂಗಳುಗಳ ನಂತರ ಪರೀಕ್ಷಿಸಿದಾಗ ಗೊಂಬೆಯ ಮೇಲೆ ಅವರ ಕೈ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಹೆರಿಗೆ ಕೊಠಡಿಯಲ್ಲಿ ನಿಜವಾದ ಮಕ್ಕಳಿಗೆ ಸಿಗುತ್ತಿದ್ದ ಆರೈಕೆ ಬದಲಾಗಿರಲಿಲ್ಲ. ಇದು 2013ರಲ್ಲಿ ಪ್ರಕಟವಾದ ಫಲಿತಾಂಶ. ಅವರು ಅಲ್ಲಿಗೆ ಕೈಬಿಡಲಿಲ್ಲ. ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷ, ತಿಂಗಳಿಗೊಮ್ಮೆ ನಲವತ್ತು ನಿಮಿಷ, ಹೆರಿಗೆ ಕೊಠಡಿಯ ಸಮೀಪದಲ್ಲೇ ಗೊಂಬೆಯನ್ನಿಟ್ಟುಕೊಂಡು ಅಭ್ಯಾಸ ಮಾಡುವ ಕ್ರಮವನ್ನು ತಂದರು. ಹುಟ್ಟಿದ 24 ಗಂಟೆಗಳೊಳಗೆ ಸಾಯುತ್ತಿದ್ದ ಮಕ್ಕಳ ಪ್ರಮಾಣ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತೆಂದು 2015ರಲ್ಲಿ ವರದಿ ಮಾಡಿದರು. ಕಲಿಸಿದ ವಿಷಯ ಮೊದಲಿನದೇ. ಕಲಿಸಿದ ಜಾಗ ಮತ್ತು ಎಷ್ಟು ಬಾರಿ ಎಂಬುದು ಬೇರೆಯಾಗಿತ್ತು.

ನಿಮ್ಮಲ್ಲಿ ಇದು ಇನ್ನೂ ಮುಖ್ಯವಾಗಲು ಕಾರಣವಿದೆ. ತಿಂಗಳಿಗೆ ಮೂವತ್ತು ಹೆರಿಗೆಗಳನ್ನು ಎಂಟು ಮಂದಿಗೆ ಹಂಚಿದರೆ ಒಬ್ಬರಿಗೆ ನಾಲ್ಕೂ ಬರುವುದಿಲ್ಲ. ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಉಸಿರಾಟ ಆರಂಭಿಸಲು ಏನಾದರೂ ನೆರವು ಬೇಕಾಗುತ್ತದೆ; ಬ್ಯಾಗಿನಿಂದ ಗಾಳಿ ಕೊಡಬೇಕಾದವು ಅದಕ್ಕಿಂತ ಕಡಿಮೆ. ಅಂದರೆ ನಿಮ್ಮ ಒಬ್ಬ ಶುಶ್ರೂಷಕಿ ಅಂಥ ಮಗುವನ್ನು ವರ್ಷಕ್ಕೆ ಎರಡೋ ಮೂರೋ ಬಾರಿ ಕಾಣಬಹುದು, ಅಪಸ್ಮಾರದಂತೆ ಸೆಳೆತ ಬಂದ ಗರ್ಭಿಣಿಯನ್ನು ವರ್ಷವಿಡೀ ಕಾಣದೆಯೂ ಇರಬಹುದು. ಕಾಣದ ಕೆಲಸವನ್ನು ಕೈ ಮರೆಯುವುದು ಸಹಜ. ಆದ್ದರಿಂದ ಹೆರಿಗೆ ಕಡಿಮೆ ಇರುವ ಆಸ್ಪತ್ರೆಗೇ ಅಭ್ಯಾಸ ಹೆಚ್ಚು ಬೇಕು.

ಪಾಳಿ ಬದಲಾಗುವ ಹೊತ್ತಿಗೆ ಐದು ನಿಮಿಷ ಇಟ್ಟುಕೊಳ್ಳಿ. ಹೋಗುವವರೂ ಬಂದವರೂ ಇಬ್ಬರೂ ಇರುತ್ತಾರೆ. ಒಬ್ಬರು ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಇನ್ನೊಬ್ಬರ ಕೈಗಿತ್ತು “ಮಗು ಅಳುತ್ತಿಲ್ಲ” ಎಂದಷ್ಟೇ ಹೇಳಿ ಗೋಡೆಯ ಗಡಿಯಾರ ನೋಡಬೇಕು. ಒರೆಸುವುದು, ಬೆನ್ನು ಉಜ್ಜುವುದು, ತಲೆಯನ್ನು ನೇರ ಇರಿಸುವುದು, ಮಾಸ್ಕ್ ಇಡುವುದು, ಮೊದಲ ಗಾಳಿ ಕೊಡುವುದು, ಇಷ್ಟೂ ಒಂದು ನಿಮಿಷದೊಳಗೆ ಆಗಬೇಕು. ಹೆಚ್ಚಿನವರು ಎಡವುವುದು ಮಾಸ್ಕಿನಲ್ಲಿ: ಅದರ ಅಂಚು ಗಲ್ಲದ ತುದಿಯಿಂದ ಸ್ವಲ್ಪ ಕೆಳಕ್ಕೆ ಜಾರಿರುತ್ತದೆ, ಗಾಳಿ ಹೊರಗೆ ಹೋಗುತ್ತಿರುತ್ತದೆ, ಎದೆ ಏಳುತ್ತಿರುವುದಿಲ್ಲ. ಪಕ್ಕದಲ್ಲಿ ನಿಂತವರು ಅಂಚನ್ನು ಬೆರಳಿನಿಂದ ತೋರಿಸಿದರೆ ಸಾಕು, ಮುಂದಿನ ಬಾರಿ ಕೈ ತಾನೇ ಸರಿಪಡಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ನಡೆದ ಬೆಟರ್‌ಬರ್ತ್ ಅಧ್ಯಯನದಲ್ಲಿ ತಪಾಸಣಾ ಪಟ್ಟಿಯ ಜೊತೆಗೆ ಎಂಟು ತಿಂಗಳ ಕಾಲ ಹೊರಗಿನ ಮಾರ್ಗದರ್ಶಕರು ಬಂದು ಸಿಬ್ಬಂದಿಯ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಎರಡು ತಿಂಗಳಾದಾಗ ಮಾಡಬೇಕಾದ ಕೆಲಸಗಳಲ್ಲಿ ಸುಮಾರು ಶೇಕಡ 73ರಷ್ಟು ನಡೆಯುತ್ತಿದ್ದವು. ಮಾರ್ಗದರ್ಶನ ನಿಂತ ಬಳಿಕ, ಹನ್ನೆರಡನೆಯ ತಿಂಗಳಿಗೆ, ಅದು ಸುಮಾರು 62ಕ್ಕೆ ಇಳಿಯಿತು. 2017ರಲ್ಲಿ ಫಲಿತಾಂಶ ಪ್ರಕಟವಾದಾಗ ತಾಯಂದಿರ, ಮಕ್ಕಳ ಸಾವಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ. ಹೊರಗಿನಿಂದ ಬಂದವರು ಹೊರಟುಹೋಗುತ್ತಾರೆ ಎಂಬುದೇ ನಾನು ಇದರಿಂದ ತಿಳಿದದ್ದು. ನಿಮ್ಮಲ್ಲಿರುವ ಇಬ್ಬರು ಮಿಡ್‌ವೈಫ್‌ಗಳಲ್ಲಿ ಒಬ್ಬರನ್ನು ಮಾರ್ಗದರ್ಶಕಿಯೆಂದು ನೇಮಿಸಿ, ಅದಕ್ಕೆ ಬೇಕಾದ ಸಮಯವನ್ನು ಪಾಳಿಯ ಪಟ್ಟಿಯಲ್ಲೇ ಬರೆದು ಕೊಡಿ. ಸಮಯ ಕೊಡದೆ ಹೆಸರು ಮಾತ್ರ ಕೊಟ್ಟರೆ ಅವರ ಮೇಲೆ ಇನ್ನೊಂದು ಹೊರೆ ಬಿದ್ದಂತಾಗುತ್ತದೆ.

ಹಾಗೆಂದು ದೀರ್ಘ ಶಿಕ್ಷಣ ಬೇಡವೆಂದಲ್ಲ. ಅಂತರರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟದ ಮಾನದಂಡದ ಪ್ರಕಾರ ನೇರವಾಗಿ ಮಿಡ್‌ವೈಫರಿಗೆ ಬರುವವರಿಗೆ ಕನಿಷ್ಠ ಮೂರು ವರ್ಷ, ಶುಶ್ರೂಷೆ ಕಲಿತು ಬರುವವರಿಗೆ ಕನಿಷ್ಠ ಹದಿನೆಂಟು ತಿಂಗಳು ಶಿಕ್ಷಣ ಬೇಕು. ಅದರಲ್ಲಿ ಅರ್ಧದಷ್ಟಾದರೂ ತಾಯಂದಿರ ಬಳಿಯ ಪ್ರಾಯೋಗಿಕ ಕೆಲಸವಾಗಿರಬೇಕು. ಆರು ಮಂದಿಯನ್ನು ಸಣ್ಣ ಸಣ್ಣ ಶಿಬಿರಗಳಿಗೆ ಕಳುಹಿಸುವುದಕ್ಕಿಂತ ಒಬ್ಬರನ್ನು ಹದಿನೆಂಟು ತಿಂಗಳಿಗೆ ಕಳುಹಿಸುವುದು ಮೇಲು.

ಉತ್ತರ 2 (ಹೆರಿಗೆ ವಾರ್ಡಿನ ಮುಖ್ಯ ಶುಶ್ರೂಷಕಿ)

ನಾನು ಕೀಲಿಕೈಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇದೇ ಕಷ್ಟವನ್ನು ನಾನೂ ಅನುಭವಿಸಿದ್ದೇನೆ. ಫಾರ್ಮಸಿಸ್ಟರ ಮೇಲೆ ಸಿಟ್ಟಾಗಬೇಡಿ. ಲೆಕ್ಕ ತಪ್ಪಿದರೆ ಕೇಳುವುದು ಅವರನ್ನೇ, ಹಾಗಾಗಿ ಅವರು ಬೀಗ ಹಾಕುತ್ತಾರೆ. ಲೆಕ್ಕದ ಹೊಣೆಯನ್ನು ಅವರ ಹೆಗಲಿನಿಂದ ಇಳಿಸಿದರೆ ಬೀಗವೂ ತಾನಾಗಿ ಹೋಗುತ್ತದೆ.

ನಮ್ಮಲ್ಲಿ ರಕ್ತಸ್ರಾವಕ್ಕೆ ಒಂದು, ರಕ್ತದೊತ್ತಡ ಹಾಗೂ ಸೆಳೆತಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಬಣ್ಣದ ಎರಡು ಪೆಟ್ಟಿಗೆಗಳಿವೆ. ಬೀಗವಿಲ್ಲ, ಹರಿದರೆ ಗೊತ್ತಾಗುವ ಕಾಗದದ ಸೀಲು ಮಾತ್ರ ಇದೆ. ಸೀಲು ಹರಿದವರು ಪುಸ್ತಕದಲ್ಲಿ ಸಹಿ ಮಾಡುತ್ತಾರೆ, ಬೆಳಿಗ್ಗೆ ಫಾರ್ಮಸಿಸ್ಟ್ ಬಂದು ತುಂಬಿ ಹೊಸ ಸೀಲು ಅಂಟಿಸುತ್ತಾರೆ. ಮೊದಲ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಗರ್ಭಕೋಶವನ್ನು ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ, ರಕ್ತನಾಳಕ್ಕೆ ಹಾಕುವ ದಪ್ಪ ಕ್ಯಾನುಲಾ, ಡ್ರಿಪ್ ಸೆಟ್, ರಿಂಗರ್ ಲ್ಯಾಕ್ಟೇಟ್ ದ್ರವ, ಮೂತ್ರನಳಿಕೆ ಇರುತ್ತವೆ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕಾದ್ದರಿಂದ ಅದಕ್ಕೆ ಹೆರಿಗೆ ಕೊಠಡಿಯಲ್ಲೇ ಒಂದು ಚಿಕ್ಕ ಫ್ರಿಜ್ ಇದೆ. ವಿದ್ಯುತ್ ನೆಚ್ಚಲಾಗದ ಕಡೆ ಶಾಖಕ್ಕೆ ಕೆಡದ ಕಾರ್ಬೆಟೋಸಿನ್ ಸಿಗುತ್ತದೆಯೇ ವಿಚಾರಿಸಿ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವುದರಲ್ಲಿ ಅದು ಆಕ್ಸಿಟೋಸಿನ್‌ಗೆ ಕಡಿಮೆಯಲ್ಲವೆಂದು ಸುಮಾರು 30,000 ತಾಯಂದಿರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದರೆ ಅದು ಮುನ್ನೆಚ್ಚರಿಕೆಗೆ. ರಕ್ತಸ್ರಾವ ಆರಂಭವಾದ ಮೇಲಿನ ಚಿಕಿತ್ಸೆಗೆ ಆಕ್ಸಿಟೋಸಿನ್ ಇರಲೇಬೇಕು.

ಎರಡನೆಯ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಸೆಳೆತ ತಡೆಯುವ ಮೆಗ್ನೀಸಿಯಂ ಸಲ್ಫೇಟಿನ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ: ಎಷ್ಟು ಆಂಪ್ಯೂಲ್, ಎಷ್ಟು ನೀರು ಬೆರೆಸಬೇಕು, ರಕ್ತನಾಳಕ್ಕೆ ಎಷ್ಟು ನಿಧಾನವಾಗಿ, ಪ್ರತಿ ಪೃಷ್ಠಕ್ಕೆ ಎಷ್ಟು. ತಾಯಿ ಸೆಳೆತದಲ್ಲಿರುವಾಗ ಶೇಕಡ 50ರ ದ್ರಾವಣದಿಂದ ನಾಲ್ಕು ಗ್ರಾಂ ತೆಗೆಯುವುದು ಹೇಗೆಂದು ಮನಸ್ಸಿನಲ್ಲಿ ಗುಣಿಸುತ್ತ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು. ಅದು ಹೆಚ್ಚಾದರೆ ಕೊಡುವ ಮಾರುಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಅದೇ ಪೆಟ್ಟಿಗೆಯಲ್ಲಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪೆಟ್ಟಿಗೆಯ ವಿಚಾರವನ್ನು ನಾಳೆಯೇ ಕೈಗೆತ್ತಿಕೊಳ್ಳುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಔಷಧಿ ಕೈಯಲ್ಲಿದ್ದರೂ ವೈದ್ಯರು ಫೋನಿನಲ್ಲಿ ಹೇಳುವವರೆಗೆ ಮೆಗ್ನೀಸಿಯಂ ಸಲ್ಫೇಟ್ ಆರಂಭಿಸಲು ನಮ್ಮ ಶುಶ್ರೂಷಕಿಯರು ಹೆದರುತ್ತಾರೆ. ಹೆಚ್ಚುಕಡಿಮೆಯಾದರೆ ತಮ್ಮ ತಲೆಗೆ ಬರುತ್ತದೆಂಬ ಭಯ. ಇನ್ನೊಂದು, ರಾತ್ರಿ ಪಾಳಿಯಲ್ಲಿ ಇರುವವರು ಒಬ್ಬರೇ. ಅಧಿಕ ರಕ್ತಸ್ರಾವಕ್ಕೆ ಕನಿಷ್ಠ ಮೂರು ಜೊತೆ ಕೈ ಬೇಕೆಂದು ಪುಸ್ತಕಗಳು ಹೇಳುತ್ತವೆ.

ಉತ್ತರ 3 (ಪ್ರಸೂತಿ ತಜ್ಞೆ)

ನಾನು ನಿಮ್ಮಂಥ ಆಸ್ಪತ್ರೆಗಳಿಂದ ಬರುವ ತಾಯಂದಿರನ್ನು ಸ್ವೀಕರಿಸುವ ಕಡೆಯಲ್ಲಿದ್ದೇನೆ. ಅವರ ಭಯಕ್ಕೆ ಮದ್ದು ನಿಮ್ಮ ಸಹಿಯಲ್ಲಿದೆ. ಯಾವ ಲಕ್ಷಣ ಕಂಡರೆ ಯಾರನ್ನೂ ಕೇಳದೆ ಯಾವ ಔಷಧಿ ಆರಂಭಿಸಬಹುದು ಎಂಬುದನ್ನು ಒಂದು ಪುಟದ ಸ್ಥಾಯಿ ಆದೇಶವಾಗಿ ಬರೆದು, ಸಹಿ ಹಾಕಿ, ಹೆರಿಗೆ ಕೊಠಡಿಯ ಗೋಡೆಗೆ ಹಾಕಿಸಿ. ಅದರಂತೆ ನಡೆದವರ ಹೊಣೆ ನಿಮ್ಮದೆಂದು ಅದರಲ್ಲಿಯೇ ಬರೆಯಿರಿ. ಮೆಗ್ನೀಸಿಯಂ ಸಲ್ಫೇಟ್ ಪ್ರೀಎಕ್ಲಾಂಪ್ಸಿಯಾ (ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಸ್ಥಿತಿ) ಇರುವ ತಾಯಂದಿರಲ್ಲಿ ಸೆಳೆತದ ಸಂಭವವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂಬುದು ಸುಮಾರು ಹತ್ತು ಸಾವಿರ ಮಂದಿಯ ಮೇಲೆ ನಡೆದ ಮ್ಯಾಗ್ಪೈ ಅಧ್ಯಯನದಿಂದ 2002ರಲ್ಲೇ ಸ್ಪಷ್ಟವಾಗಿದೆ. ಮೊದಲ ಡೋಸ್ ಕೊಟ್ಟು ಕಳುಹಿಸಿದ ತಾಯಿಗೂ ಬರಿಯ ಚೀಟಿಯೊಂದಿಗೆ ಬಂದ ತಾಯಿಗೂ ನಾನು ಕಾಣುವ ವ್ಯತ್ಯಾಸ ಅಷ್ಟಿಷ್ಟಲ್ಲ. ಟ್ರಾನೆಕ್ಸಾಮಿಕ್ ಆಮ್ಲವೂ ಹಾಗೆಯೇ: ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಡಬೇಕು, ಮತ್ತು ಪ್ರತಿ ಹದಿನೈದು ನಿಮಿಷದ ವಿಳಂಬಕ್ಕೂ ಅದರ ಪ್ರಯೋಜನ ಸುಮಾರು ಶೇಕಡ 10ರಷ್ಟು ಕುಗ್ಗುತ್ತದೆ. ಬೀಗ ಒಡೆಯುವುದರಲ್ಲಿ ಕಳೆದ ಆ ಇಪ್ಪತ್ತು ನಿಮಿಷದ ಬೆಲೆ ಇದರಿಂದ ತಿಳಿಯುತ್ತದೆ.

ಮಿಡ್‌ವೈಫ್‌ಗಳಿಗೆ ಅಧಿಕಾರ ಕೊಡುವುದು ಹೊಸ ಸಾಹಸವೇನೂ ಅಲ್ಲ. ಸ್ವೀಡನ್‌ನಲ್ಲಿ ವೈದ್ಯರು ದೂರವಿದ್ದ ಹಳ್ಳಿಗಳ ಮಿಡ್‌ವೈಫ್‌ಗಳಿಗೆ ಇಕ್ಕಳ ಬಳಸುವ ಅನುಮತಿ 1829ರಲ್ಲೇ ಸಿಕ್ಕಿತ್ತು. 1881ರಲ್ಲಿ ನಂಜುನಿವಾರಕ ಕ್ರಮವನ್ನು ಅವರಿಗೆ ಕಡ್ಡಾಯಗೊಳಿಸಲಾಯಿತು. ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಆ ಕಾಲದಲ್ಲಿಯೂ ತಾಯಂದಿರ ಸಾವು ಅಲ್ಲಿ ಗಣನೀಯವಾಗಿ ಇಳಿಯಿತು. ತರಬೇತಿ, ಸಲಕರಣೆ, ಅಧಿಕಾರ ಮೂರೂ ಒಬ್ಬರ ಕೈಯಲ್ಲೇ ಸೇರಿದ್ದು ಅದಕ್ಕೆ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ರೆಫರ್ ಮಾಡುವ ಬಗ್ಗೆಯೂ ಒಂದು ಮಾತು. ಬೇನೆ ನಿಧಾನವಾಗಿದೆ ಎಂಬ ಒಂದೇ ಕಾರಣಕ್ಕೆ ಗರ್ಭಕಂಠ ಮೂರು ನಾಲ್ಕು ಸೆಂಟಿಮೀಟರ್ ತೆರೆದಿರುವಾಗಲೇ ಎಷ್ಟೋ ತಾಯಂದಿರನ್ನು ನಮ್ಮಲ್ಲಿಗೆ ಅಟ್ಟುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳ ಪ್ರಕಾರ ಸಕ್ರಿಯ ಬೇನೆ ಆರಂಭವಾಗುವುದು ಐದು ಸೆಂಟಿಮೀಟರಿನಿಂದ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ನಿಯಮ ಎಲ್ಲರಿಗೂ ಹೊಂದುವುದಿಲ್ಲ. 2020ರಲ್ಲಿ ಬಂದ, ಬೇನೆಯನ್ನು ದಾಖಲಿಸುವ ಅದೇ ಸಂಸ್ಥೆಯ ಹೊಸ ನಮೂನೆ ‘ಲೇಬರ್ ಕೇರ್ ಗೈಡ್’ ಇದೇ ಆಧಾರದ ಮೇಲಿದೆ. ಹಳೆಯ ಪಾರ್ಟೋಗ್ರಾಫಿನ ಬದಲು ಅದನ್ನು ಕಲಿಸಿ. ನಿಜವಾಗಿ ಕಳುಹಿಸಬೇಕಾದಾಗ ಆಂಬುಲೆನ್ಸ್ ಹೊರಡುವ ಮುಂಚೆ ನಮಗೆ ಫೋನ್ ಮಾಡಿ. ಆ ತಾಯಿಗೆ ಮುಂದೇನಾಯಿತೆಂದು ಮರುದಿನ ನಿಮಗೆ ತಿಳಿಸುವುದು ನಮ್ಮ ಕರ್ತವ್ಯ, ನಮ್ಮಂಥವರು ಅದನ್ನು ಮಾಡುವುದಿಲ್ಲ ಎಂಬ ನಾಚಿಕೆ ನನಗಿದೆ.

ಉತ್ತರ 4 (ನಿವೃತ್ತ ಮಿಡ್‌ವೈಫ್)

ರಾತ್ರಿ ಒಬ್ಬರೇ ಇರುವುದು ತಪ್ಪು, ಇನ್ನೊಬ್ಬರನ್ನು ಕೊಡಿ ಎಂದು ಬರೆಯುವುದನ್ನು ನಿಲ್ಲಿಸಬೇಡಿ. ಅಲ್ಲಿಯವರೆಗೆ ಆಯಾ ಮತ್ತು ಕಾವಲುಗಾರರನ್ನೂ ಅಭ್ಯಾಸಕ್ಕೆ ಸೇರಿಸಿ. ಕರೆದ ಕೂಡಲೇ ಪೆಟ್ಟಿಗೆ ತರುವುದು, ಸಮಯ ಬರೆದುಕೊಳ್ಳುವುದು, ಆಂಬುಲೆನ್ಸಿಗೆ ಫೋನ್ ಮಾಡುವುದು ಅವರಿಂದ ಆಗುತ್ತದೆ. ನಮ್ಮ ವಾರ್ಡಿನ ಆಯಾ ಒಬ್ಬರು ಅಭ್ಯಾಸದಲ್ಲಿ ಎಷ್ಟು ಪಳಗಿದ್ದರೆಂದರೆ ನಾನು ಬಾಯಿ ತೆರೆಯುವ ಮೊದಲೇ ಡ್ರಿಪ್ ಸ್ಟ್ಯಾಂಡ್ ಎಳೆದು ತರುತ್ತಿದ್ದರು.

ತಾಯಿಯ ಜೊತೆಗೆ ಅವಳು ಬಯಸಿದ ಒಬ್ಬರನ್ನು ಒಳಗೆ ಬಿಡಿ. ಇದು ಔದಾರ್ಯದ ಮಾತಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಶಿಫಾರಸು ಮಾಡುತ್ತದೆ. ಬೇನೆಯಲ್ಲಿ ಬೆನ್ನು ಸವರುವುದಕ್ಕೆ, ನಡೆದಾಡಿಸುವುದಕ್ಕೆ, ನೀರು ಕುಡಿಸುವುದಕ್ಕೆ ಒಬ್ಬರು ಇದ್ದರೆ ಶುಶ್ರೂಷಕಿಯ ಗಂಟಲೂ ಉಳಿಯುತ್ತದೆ, ತಾಯಿಯ ಮೇಲೆ ರೇಗುವುದೂ ನಿಲ್ಲುತ್ತದೆ. ಹೆರಿಗೆಯಾದ ಮೇಲೆ ತಾಯಿಯ ಕೈಯನ್ನು ಹಿಡಿದು ಅವಳ ಹೊಕ್ಕುಳದ ಹತ್ತಿರ ಇಟ್ಟು, ಗರ್ಭಕೋಶ ಹೀಗೆ ಚೆಂಡಿನಂತೆ ಗಟ್ಟಿಯಾಗಿರಬೇಕು, ಮೆತ್ತಗಾದರೆ ಕೂಡಲೇ ನನ್ನನ್ನು ಕೂಗು ಎಂದು ನಾನು ಪ್ರತಿಯೊಬ್ಬರಿಗೂ ಹೇಳಿಕೊಡುತ್ತಿದ್ದೆ. ನಾನು ಇನ್ನೊಂದು ಹಾಸಿಗೆಯ ಬಳಿ ಇದ್ದಾಗ ಹಾಗೆ ಕೂಗಿ ಕರೆದು ತನ್ನನ್ನು ತಾನೇ ಉಳಿಸಿಕೊಂಡ ತಾಯಂದಿರಿದ್ದಾರೆ.

ಪ್ರಶ್ನೆ ಕೇಳಿದವರು

ಪೆಟ್ಟಿಗೆಗಳು ಸಿದ್ಧವಾದವು, ಸ್ಥಾಯಿ ಆದೇಶಕ್ಕೆ ಸಹಿ ಹಾಕಿದ್ದೇನೆ. ಮಾರ್ಗದರ್ಶಕಿಯ ಜೊತೆ ಸಹಾಯಕಿಯಾಗಿ ಆ ರಾತ್ರಿ ಪಾಳಿಯಲ್ಲಿದ್ದ ಶುಶ್ರೂಷಕಿಯೇ ಮುಂದೆ ಬಂದಿದ್ದಾರೆ. ರಕ್ತವನ್ನು ಅಳೆಯುವ ಸಾಧನವಿರಲಿಲ್ಲ ಎಂದು ಮೊದಲ ಉತ್ತರದಲ್ಲಿ ಬರೆದಿದ್ದಿರಿ. ಅದನ್ನು ಬಿಡಿಸಿ ಹೇಳುವಿರಾ?

ಉತ್ತರ 5 (ಮಿಡ್‌ವೈಫರಿ ಬೋಧಕಿ)

ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಚೀಲದಂತಿದ್ದು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸು ಬರುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಇ-ಮೋಟಿವ್ ಅಧ್ಯಯನದಲ್ಲಿ ಈ ಹಾಸಿನಿಂದ ಅಳೆದು, ಮಿತಿ ಮೀರಿದ ಕೂಡಲೇ ಗರ್ಭಕೋಶದ ಮಸಾಜು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೆ ಮಾಡಲಾಯಿತು. ಕಣ್ಣಳತೆಯನ್ನು ನಂಬಿದ ಆಸ್ಪತ್ರೆಗಳಲ್ಲಿ ಅಧಿಕ ರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳಷ್ಟೇ ಗೊತ್ತಾಗಿದ್ದರೆ, ಇಲ್ಲಿ ಶೇಕಡ 93ರಷ್ಟು ಗೊತ್ತಾದವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಮತ್ತು ಅದರಿಂದಾಗುವ ಸಾವು ಒಟ್ಟಾಗಿ ಶೇಕಡ 60ರಷ್ಟು ಇಳಿದವು. 2023ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ದಿನ ನನಗಾದ ಸಂತೋಷವನ್ನು ಮರೆತಿಲ್ಲ.

ಹಾಸು ಬರುವವರೆಗೆ ತಕ್ಕಡಿ ಬಳಸಿ. ಹಾಸುವ ಬಟ್ಟೆಯ ಒಣ ತೂಕವನ್ನು ಮೊದಲೇ ತೂಗಿ ಗೋಡೆಯ ಮೇಲೆ ಬರೆದಿಡಿ. ತೊಯ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕುವ ಮೊದಲು ತೂಗಿ, ಒಣ ತೂಕವನ್ನು ಕಳೆಯಿರಿ. ಉಳಿದ ಒಂದು ಗ್ರಾಮಿಗೆ ಒಂದು ಮಿಲಿಲೀಟರ್ ರಕ್ತವೆಂದು ಲೆಕ್ಕ. ಐದುನೂರು ದಾಟಿದರೆ ಪೆಟ್ಟಿಗೆಯ ಸೀಲು ಹರಿಯಬೇಕು. ಅಷ್ಟಾಗುವ ಮೊದಲೇ ನಾಡಿ ಏರುತ್ತಿದ್ದರೆ ಅಥವಾ ರಕ್ತ ಸುರಿಯುತ್ತಲೇ ಇದ್ದರೆ ತಕ್ಕಡಿಗಾಗಿ ಕಾಯಬಾರದು. ಆ ರಾತ್ರಿ ನಿಮ್ಮ ಶುಶ್ರೂಷಕಿಯ ಕೈಗೆ ತಿಳಿದದ್ದು ಇದೇ ತೂಕ. ಮೊದಲನೆಯ ಬಟ್ಟೆಯನ್ನು ತೂಗುವ ಕೆಲಸವನ್ನು ಅವರಿಗೇ ವಹಿಸಿ.